ಡಾ. ಯೋಹಾನ್ನೆಸ್ ಎಸ್ಸೆರ್: ಮುಖಗೆಟ್ಟವರಿಗೆ ಮುಖವಿತ್ತ ಶಸ್ತ್ರವೈದ್ಯರು

ಮುಖವು ಮನುಷ್ಯನ ಗುರುತು. ಕೈಕಾಲು ಊನಗೊಂಡವನು ಹೇಗೋ ನಾಲ್ವರ ನಡುವೆ ಬಾಳುತ್ತಾನೆ. ಮುಖವೇ ಛಿದ್ರಗೊಂಡವನು ಮನೆಮಂದಿಯ ಕಣ್ಣಿಗೂ ಅಳುಕಿ ಮರೆಯಲ್ಲಿ ದಿನ ನೂಕಬೇಕಾಗುತ್ತದೆ. 1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧವು ಯುರೋಪಿನ ಸಾವಿರಾರು ತರುಣರನ್ನು ಈ ದುಃಸ್ಥಿತಿಗೆ ತಳ್ಳಿತು. ಕಂದಕಗಳಲ್ಲಿ ಅಡಗಿ ಕಾದುತ್ತಿದ್ದ ಸೈನಿಕನು ತಲೆಯೆತ್ತಿದೊಡನೆ ಗುಂಡು ಮತ್ತು ಸಿಡಿಚೂರುಗಳ ಆಘಾತವು ಮುಖಕ್ಕೇ ತಗಲುತ್ತಿತ್ತು. ಇಂತಹವರಿಗೆ ಮತ್ತೆ ಮುಖವನ್ನು ಕಟ್ಟಿಕೊಡುವುದನ್ನೇ ಕಾಯಕವನ್ನಾಗಿ ಮಾಡಿಕೊಂಡ ಮಹನೀಯರಲ್ಲಿ ಹಾಲೆಂಡಿನ ಡಾ. ಯೋಹಾನ್ನೆಸ್ ಎಸ್ಸೆರ್ ಅವರು ಅಗ್ರಗಣ್ಯರು.

ಎಸ್ಸೆರ್ ಅವರು 1877ನೆಯ ಅಕ್ಟೋಬರ್ 13ರಂದು ಲೈಡನ್ ನಗರದಲ್ಲಿ ಜನಿಸಿದರು. ವೈದ್ಯವಿದ್ಯೆಯೊಡನೆ ಅವರಿಗೆ ಇನ್ನೆರಡು ಆಸಕ್ತಿಗಳಿದ್ದವು. ಒಂದು ಚದುರಂಗ, 1913ರಲ್ಲಿ ಅವರು ತಮ್ಮ ದೇಶದ ಚದುರಂಗ ಚಾಂಪಿಯನ್ ಆಗಿದ್ದರು. ಇನ್ನೊಂದು ಚಿತ್ರಕಲೆ, ಮುಂದೆ ಲೋಕವಿಖ್ಯಾತರಾದ ಮೊಂಡ್ರಿಯಾನ್ ಅವರ ಆರಂಭಕಾಲದ ಚಿತ್ರಗಳನ್ನು ಕೊಂಡು ಪ್ರೋತ್ಸಾಹಿಸಿದವರಲ್ಲಿ ಎಸ್ಸೆರ್ ಒಬ್ಬರು.

ಯುದ್ಧದಲ್ಲಿ ಹಾಲೆಂಡ್ ತಟಸ್ಥ ರಾಷ್ಟ್ರವಾಗಿದ್ದಿತು. ಮನೆಯಲ್ಲಿ ನೆಮ್ಮದಿಯಾಗಿರಲು ಅವಕಾಶವಿದ್ದರೂ ಎಸ್ಸೆರ್ ಅವರು ಗಾಯಾಳುಗಳಿದ್ದೆಡೆಗೆ ತಾವಾಗಿ ಹೊರಟರು. ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯವು ಅವರ ಸೇವೆಯನ್ನು ಸ್ವೀಕರಿಸಿತು. 1915ರಿಂದ ಬ್ರ್ನೋ, ಬುಡಾಪೆಸ್ಟ್ ಮುಂತಾದ ನಗರಗಳ ಆಸ್ಪತ್ರೆಗಳಲ್ಲಿಯೂ ಅನಂತರ ಬರ್ಲಿನ್ನಿನಲ್ಲಿಯೂ ದುಡಿದರು.

ಅವರ ಸಾಧನೆಯ ಮಹತ್ವವನ್ನರಿಯಲು ಒಂದು ಮೂಲತತ್ತ್ವವನ್ನು ತಿಳಿಯಬೇಕು. ಚರ್ಮವು ಜೀವಂತವಾಗಿರುವುದು ರಕ್ತಸಂಚಾರದಿಂದ. ದಪ್ಪನಾದ ಚರ್ಮದ ತುಂಡೊಂದನ್ನು ಪೂರ್ತಿಯಾಗಿ ಕತ್ತರಿಸಿ ಬೇರೆಡೆ ಹೊಲಿದರೆ ಅದು ರಕ್ತ ಕಾಣದೆ ಸತ್ತುಹೋಗುವ ಸಂಭವವೇ ಹೆಚ್ಚು. ಒಂದು ಬದಿಯನ್ನು ಮೂಲಸ್ಥಾನಕ್ಕೆ ಅಂಟಿಸಿಕೊಂಡೇ ತಿರುಗಿಸಿ ಹೊಲಿದರೆ ಅದು ಉಳಿಯುತ್ತದೆ. ಈ ಮರ್ಮವು ಭಾರತೀಯರಿಗೆ ಪ್ರಾಚೀನಕಾಲದಿಂದಲೂ ಗೊತ್ತಿತ್ತು. ಸುಶ್ರುತಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ವಿಧಾನವಿದೆ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಮೂಗು ಕಳೆದುಕೊಂಡ ಕವಾಸ್ಜಿ ಎಂಬಾತನಿಗೆ ಪುಣೆಯ ಕಡೆಯ ವೈದ್ಯನೊಬ್ಬನು ಹಣೆಯ ಚರ್ಮವನ್ನು ತಿರುಗಿಸಿ ಮೂಗು ಮಾಡಿಕೊಟ್ಟ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಗಿ ಯುರೋಪಿನ ವೈದ್ಯರ ಕಣ್ತೆರೆಸಿತು.

ಎಸ್ಸೆರ್ ಅವರು ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರು. ಜೀವ ಹಿಡಿಯಲು ಬೇಕಾದುದು ಅಗಲವಾದ ಚರ್ಮದ ಬುಡವಲ್ಲ, ಅದರೊಳಗಿನ ರಕ್ತನಾಳ ಎಂಬುದನ್ನು ಅವರು ಮನಗಂಡರು. ಆದುದರಿಂದ ಮುಖದ ಧಮನಿಗಳ ಹಾದಿಯನ್ನು ಗುರುತಿಸಿ, ಚರ್ಮವನ್ನು ಸುತ್ತಲೂ ದ್ವೀಪದಂತೆ ಕತ್ತರಿಸಿ, ಧಮನಿ ಮತ್ತು ಅಭಿಧಮನಿಗಳನ್ನು ಮಾತ್ರ ತೊಟ್ಟಿನಂತೆ ಉಳಿಸಿಕೊಂಡು, ಗಾಯವಾದ ಸ್ಥಳಕ್ಕೆ ಅದನ್ನು ಸಾಗಿಸಿದರು. ಪೆನಿಸಿಲಿನ್ ಇಲ್ಲದ ಆ ದಿನಗಳಲ್ಲಿ, ರಕ್ತಪುಷ್ಟವಾದ ಚರ್ಮವು ಸೋಂಕನ್ನು ಎದುರಿಸಲು ಸಮರ್ಥವಾಗಿರುತ್ತಿದ್ದುದು ದೊಡ್ಡ ಲಾಭವೇ ಸರಿ.

ಅವರ ಇನ್ನೊಂದು ವಿಧಾನವು ಬಾಯಿ, ಕಣ್ಣುಗುಳಿಗಳ ಒಳಮೈಯನ್ನು ಮತ್ತೆ ರಚಿಸಲು ನೆರವಾಯಿತು. ದಂತವೈದ್ಯರು ಅಚ್ಚು ತೆಗೆಯಲು ಬಳಸುವ, ಬಿಸಿಯಲ್ಲಿ ಮೆತ್ತಗಾಗಿ ತಣಿದಾಗ ಗಟ್ಟಿಯಾಗುವ ಪದಾರ್ಥದಿಂದ ಗಾಯದ ಪೊಟರೆಗೆ ಒಪ್ಪುವ ಅಚ್ಚನ್ನು ಮಾಡುವುದು. ಅದರ ಸುತ್ತ ಬಹು ತೆಳುವಾದ ಚರ್ಮವನ್ನು ಹಸಿಮೈ ಹೊರಗಾಗುವಂತೆ ಸುತ್ತಿ ಒಳಗಿಟ್ಟು ಹೊಲಿಯುವುದು. ಚರ್ಮವು ಅಲ್ಲಿ ಬೇರೂರಿದ ಮೇಲೆ ಅಚ್ಚನ್ನು ಹೊರತೆಗೆಯುವುದು. ಇದೇ ಆ ವಿಧಾನ.

ಈ ವಿದ್ಯೆಯನ್ನು ಎಸ್ಸೆರ್ ಅವರು ಬಚ್ಚಿಡಲಿಲ್ಲ. ಯುದ್ಧ ನಡೆಯುತ್ತಿರುವಾಗಲೇ, 1917ರಲ್ಲಿ, ಅಮೆರಿಕದ ‘ಆ್ಯನಲ್ಸ್ ಆಫ್ ಸರ್ಜರಿ’ ಪತ್ರಿಕೆಯಲ್ಲಿ ತಮ್ಮ ಅನುಭವಗಳನ್ನು ಪ್ರಕಟಿಸಿದರು. ಇದರ ಫಲವು ಗಮನಾರ್ಹವಾದುದು. ಎದುರುಪಕ್ಷವಾದ ಇಂಗ್ಲೆಂಡಿನಲ್ಲಿ ಗಾಯಾಳುಗಳ ಆರೈಕೆಯಲ್ಲಿದ್ದ ಹೆರಾಲ್ಡ್ ಗಿಲ್ಲೀಸ್ ಅವರು ಅಚ್ಚಿನ ವಿಧಾನವನ್ನು ಕೈಗೊಂಡು ಇನ್ನಷ್ಟು ಪರಿಷ್ಕರಿಸಿದರು. ಸೈನ್ಯಗಳು ದಾಟಲಾರದ ಗಡಿಯನ್ನು ವಿದ್ಯೆ ದಾಟಿತು. ಒಂದು ಪಕ್ಷದ ಗಾಯಾಳುವಿನ ಹಾಸಿಗೆಯ ಬಳಿ ಕಲಿತ ಪಾಠವು ಇನ್ನೊಂದು ಪಕ್ಷದ ಗಾಯಾಳುವಿನ ನೋವನ್ನು ನೀಗಿತು.

ಯುದ್ಧಾನಂತರ ಎಸ್ಸೆರ್ ಅವರು ಒಂದು ಮಹಾಸ್ವಪ್ನವನ್ನು ಕಂಡರು. ಯಾವ ರಾಷ್ಟ್ರಕ್ಕೂ ಅಧೀನವಲ್ಲದ ಸ್ವತಂತ್ರ ನೆಲವೊಂದಿರಬೇಕು. ಅಲ್ಲಿ ಸರ್ವದೇಶಗಳ ಅಂಗವಿಕಲರಿಗೂ ಚಿಕಿತ್ಸೆ ದೊರೆಯಬೇಕು. ಸರ್ವದೇಶಗಳ ವೈದ್ಯರೂ ಕಲಿಯಬೇಕು ಎಂಬುದು ಅವರ ಆಶಯ. ಇದಕ್ಕಾಗಿ ಯುರೋಪಿನ ಹಲವು ಅಧಿಕಾರಸ್ಥರ ಬಾಗಿಲು ತಟ್ಟಿದರು. ಆದರೆ ರಾಷ್ಟ್ರಗಳು ಮತ್ತೊಂದು ಯುದ್ಧಕ್ಕೆ ಅಣಿಯಾಗುತ್ತಿದ್ದ ಆ ಕಾಲದಲ್ಲಿ ಸ್ವಪ್ನವು ಕೈಗೂಡಲಿಲ್ಲ. 1940ರಲ್ಲಿ ಅಮೆರಿಕಕ್ಕೆ ತೆರಳಿದ ಅವರು 1946ನೆಯ ಆಗಸ್ಟ್ 9ರಂದು ಷಿಕಾಗೋದಲ್ಲಿ ಕಾಲವಶರಾದರು.

ಅವರು ಬಯಸಿದ ಸಂಸ್ಥಾನವು ಮೇಲೇಳಲಿಲ್ಲ. ಅವರು ಹಂಚಿದ ವಿದ್ಯೆ ಮಾತ್ರ ಉಳಿಯಿತು. ದ್ವೀಪದಂತಹ ಚರ್ಮದ ಚಿಕಿತ್ಸೆಯು ಇಂದಿಗೂ ಶಸ್ತ್ರವೈದ್ಯರಿಗೆ ಪಾಠವಾಗಿದೆ. ಇನ್ನೊಂದು ಕುರುಹು ನಮ್ಮ ಹಳ್ಳಿಗಳ ಮಾತಿನಲ್ಲಿಯೂ ಇದೆ. ಎಸ್ಸೆರ್ ಬಳಸಿದ ಅಚ್ಚಿನ ಪದಾರ್ಥವು ಇಂಗ್ಲೆಂಡಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಅವರದು. ಎಸ್ಸೆರ್ ಅವರ ಬರಹಗಳ ಮೂಲಕ ಆ ಹೆಸರು ಶಸ್ತ್ರಚಿಕಿತ್ಸೆಗೆ ಬಂದು, ಕಾಲಕ್ರಮದಲ್ಲಿ ಅಂಗಾಂಶಕ್ಕೆ ಒಳಗಿನಿಂದ ಆಸರೆಯಾಗುವ ಸಾಧನಕ್ಕೆಲ್ಲ ಸಲ್ಲತೊಡಗಿತು. 1986ರಲ್ಲಿ ಮನುಷ್ಯನ ಹೃದಯದ ರಕ್ತನಾಳದಲ್ಲಿ ಮೊದಲ ಬಾರಿಗೆ ಇರಿಸಲಾದ ಲೋಹದ ನಳಿಕೆಗೂ ಅದೇ ಹೆಸರು. ಇಂದು ಹೃದ್ರೋಗಿಗೆ ಸ್ಟೆಂಟ್ ಹಾಕಿದರೆಂದು ಹೇಳುವಾಗಲೆಲ್ಲ, ಅರಿತೋ ಅರಿಯದೆಯೋ, ಶತ್ರುಮಿತ್ರರೆನ್ನದೆ ವಿದ್ಯಾದಾನ ಮಾಡಿದ ಆ ಶಸ್ತ್ರವೈದ್ಯರ ಋಣವನ್ನು ನಾವು ನೆನೆಯುತ್ತಿದ್ದೇವೆ.