ಶವಾಗಾರದಿಂದ ಎದ್ದುಬಂದ ಮಾಸ್ಕ್

1910ರ ಡಿಸೆಂಬರ್ 27. ಚೀನಾದ ಮಂಚೂರಿಯಾದ ಹಾರ್ಬಿನ್‌ನಲ್ಲಿ ಸತ್ತ ಜಪಾನಿ ಮಹಿಳೆಯೊಬ್ಬರ ದೇಹವನ್ನು ವೈದ್ಯ ವು ಲಿಯೆನ್-ತೆ ಗುಟ್ಟಾಗಿ ಕೊಯ್ದರು. ಹೆಣ ಕೊಯ್ಯುವುದನ್ನು ಅಲ್ಲಿನ ಜನ ಒಪ್ಪುತ್ತಿರಲಿಲ್ಲ. ಸಿಕ್ಕಿದ್ದು ಪ್ಲೇಗಿನ ಸೂಕ್ಷ್ಮಾಣು. ಇಲಿ, ಚಿಗಟಗಳ ಹಂಗಿಲ್ಲದೆ ಈ ಪ್ಲೇಗು ಕೆಮ್ಮಿನಿಂದಲೇ ಹರಡುತ್ತಿದೆ ಎಂದು ಗ್ರಹಿಸಿದ ವು, ಗಾಜ್ ಬಟ್ಟೆಯ ನಡುವೆ ಹತ್ತಿಯಿಟ್ಟು ಮುಖಕ್ಕೆ ಬಿಗಿಯುವ ಮಾಸ್ಕ್ ಮಾಡಿಸಿದರು. ಫ್ರೆಂಚ್ ವೈದ್ಯ ಮೆನಿ ಅದನ್ನು ನಂಬದೆ ಬರಿಮುಖದಲ್ಲೇ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆ ಮಾಸ್ಕಿಗೆ ಬೆಲೆ ಬಂತು.

ಇಂದಿನ ಎನ್-95ಗೆ ಅದು ಮುತ್ತಜ್ಜ. ಆದರೆ ಹೆಣದ ಮೇಜಿನಿಂದ ಎದ್ದ ಪಾಠ ಆ ಮೇಜಿನ ಮುಂದೆ ನಿಲ್ಲುವವರಿಗೇ ತಡವಾಗಿ ತಲುಪಿತು. ಹೆಣ ಉಸಿರಾಡುವುದಿಲ್ಲವಲ್ಲ, ಇನ್ನೇನು ಹರಡೀತು ಎಂಬ ಧೈರ್ಯ! ಆ ಧೈರ್ಯ ಸುಳ್ಳಾಗಬಹುದೆಂಬ ಸೂಚನೆ ವುಗಿಂತ ಬಹಳ ಮೊದಲೇ ಇತ್ತು: ಕ್ಷಯದಿಂದ ಸತ್ತವರನ್ನು ಕೊಯ್ದು ಆ ರೋಗವನ್ನು ಅರಿತ, ಸ್ಟೆತಾಸ್ಕೋಪ್ ಕೊಟ್ಟ ಲೆನೆಕ್ 1826ರಲ್ಲಿ ಕ್ಷಯಕ್ಕೇ ಬಲಿಯಾಗಿದ್ದರು.

ಅಪಾಯ ಹೆಚ್ಚಿಸಿದ್ದು ಕೆಲಸ ಹಗುರಾಗಿಸಿದ ಉಪಕರಣವೇ. ಮುರಿದ ಕೈಕಾಲಿನ ಪ್ಲಾಸ್ಟರ್ ಕತ್ತರಿಸಲೆಂದು ಅಮೆರಿಕದ ಮೂಳೆ ವೈದ್ಯ ಹೋಮರ್ ಸ್ಟ್ರೈಕರ್ 1940ರ ದಶಕದಲ್ಲಿ ರೂಪಿಸಿದ ವಿದ್ಯುತ್ ಗರಗಸ ಶವಾಗಾರಕ್ಕೂ ಬಂತು. ಅದರ ಅಲಗು ತಿರುಗದು, ಅತ್ತಿತ್ತ ಅದುರುತ್ತದೆ. ಮೃದು ಚರ್ಮ ಅದರೊಂದಿಗೇ ಅದುರಿ ಬಚಾವಾಗುತ್ತದೆ, ಗಟ್ಟಿ ಮೂಳೆ ಕತ್ತರಿಸಿಹೋಗುತ್ತದೆ. ತಲೆಬುರುಡೆ ಬಿಚ್ಚುವುದು ಸಲೀಸಾಯಿತು. ಜೊತೆಗೆ ಮೂಳೆಯ ಹುಡಿ, ರಕ್ತದ ಸಣ್ಣ ಹನಿಗಳು ಗಾಳಿಗೆ ಹಾರಿದವು. ಅವುಗಳಲ್ಲಿ ತೀರಾ ಸೂಕ್ಷ್ಮವಾದವು ಬೇಗ ನೆಲ ಹಿಡಿಯವು. ಕಿವಿಗೆ ಸಿಕ್ಕಿಸುವ ಸಡಿಲ ಮಾಸ್ಕಿನ ಬದಿಗಳಿಂದ ಅವು ನುಸುಳುತ್ತವೆ. ಹಾಗಾಗಿ ಗರಗಸಕ್ಕೆ ಹುಡಿ ಹೀರುವ ಕೊಳವೆ, ಹೆಣದ ತಲೆಯ ಸುತ್ತ ಪ್ಲಾಸ್ಟಿಕ್ ಚೀಲ, ಗಂಟೆಗೆ 12 ಬಾರಿ ಕೋಣೆಯ ಗಾಳಿ ಬದಲಾಗಬೇಕೆಂಬ ನಿಯಮ ಒಂದೊಂದಾಗಿ ಬಂದವು.

2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಡಾ. ದಿನೇಶ್ ರಾವ್ ಕೋವಿಡ್ ಶವವೊಂದರ ಪರೀಕ್ಷೆ ಮಾಡಿದಾಗ, ಸಾವಿನ 18 ಗಂಟೆಗಳ ನಂತರವೂ ಮೂಗು, ಗಂಟಲಲ್ಲಿ ವೈರಸ್ ಪತ್ತೆಯಾಯಿತು. ಹಳೆಯ ಧೈರ್ಯ ಎಷ್ಟು ಪೊಳ್ಳೆಂದು ನಮ್ಮೂರಲ್ಲೇ ಗೊತ್ತಾಯಿತು.

ನಮ್ಮ ಪೋಸ್ಟ್‌ಮಾರ್ಟಂ ಕೋಣೆಗಳಲ್ಲಿ ಬುರುಡೆ ಬಿಚ್ಚುವ ಕೆಲಸ ಬಹುಪಾಲು ಡಿ ಗ್ರೂಪ್ ನೌಕರರದು. ಬರೆದುಕೊಳ್ಳುವ ವೈದ್ಯರಿಗಿಂತ ಅವರ ಮೂಗು ಹೆಣಕ್ಕೆ ಹತ್ತಿರ. ಗಾಳಿ ಹೊರಹಾಕುವ ಫ್ಯಾನು ಸೂರಿನಲ್ಲಿದ್ದರೆ ಮಲಿನ ಗಾಳಿ ಅವರ ಮುಖ ಸವರಿಯೇ ಮೇಲೇರುತ್ತದೆ. ಹೊಸ ಶವಾಗಾರಕ್ಕೆ ನಕ್ಷೆ ಬರೆಯುವ ಎಂಜಿನಿಯರ್‌ಗಳೇ, ಗಾಳಿ ಎಳೆಯುವ ಕಿಂಡಿಯನ್ನು ಮೇಜಿಗಿಂತ ಕೆಳಗಿಡಿ.