ಅಪ್ಪನ ಹಾಲಿನ ಲೆಕ್ಕಕ್ಕೆ ಒಂದೇ ಸಾಲಿನ 'ಆಕ್'

ಐದನೇ ಸೆಮಿಸ್ಟರ್ ಬಂತೆಂದರೆ ಹಾಸ್ಟೆಲ್‌ನಲ್ಲಿ ಎರಡೇ ಮಾತು: ಪೈಥಾನ್ ಕಲಿತೆಯಾ, ಜಾವಾ ಮುಗಿಸಿದೆಯಾ? ನಾನು 'ಆಕ್' ಕಲಿಯುತ್ತಿದ್ದೇನೆ ಎಂದರೆ, 'ಅದೇನೋ ಅದು, ಸೀನಿದ ಹಾಗಿದೆ' ಎಂದು ನಕ್ಕವರೇ ಹೆಚ್ಚು.

ಹೆಸರು ವಿಚಿತ್ರ, ನಿಜ. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ರೂಪಿಸಿದ ಆಲ್ಫ್ರೆಡ್ ಅಹೊ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಗನ್ ಅವರ ಅಡ್ಡಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿದರೆ ಈ ಹೆಸರು. ಆಕ್ ಫೈಲನ್ನು ಸಾಲು ಸಾಲಾಗಿ ಓದುತ್ತದೆ. ಖಾಲಿ ಜಾಗ ಇರುವಲ್ಲೆಲ್ಲ ಸಾಲನ್ನು ತುಂಡು ಮಾಡಿ ಡಾಲರ್ 1, ಡಾಲರ್ 2 ಎಂದು ಸಂಖ್ಯೆ ಕೊಡುತ್ತದೆ. 'ಸಾಲು ಹೀಗಿದ್ದರೆ ಹೀಗೆ ಮಾಡು' ಎಂದಷ್ಟೇ ನಾವು ಬರೆಯಬೇಕು. ಫೈಲ್ ತೆರೆಯುವುದು, ಲೂಪ್ ಸುತ್ತುವುದು, ಮುಚ್ಚುವುದು ಎಲ್ಲ ಅದರದ್ದೇ ಪಾಡು. ಸಿ ಭಾಷೆಯಲ್ಲಿ ಲ್ಯಾಬ್ ರೆಕಾರ್ಡಿನ ಪುಟ ತುಂಬುವ ಕೆಲಸ ಇಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ದಸರಾ ರಜೆಯಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬಂತು. ಪೇಟೆಯ ಹೋಟೆಲಿನವರು ದಿನಕ್ಕೆ ಒಂದು ಹೊತ್ತಿನ ಹಾಲು ಕೇಳಿದ್ದರು, ಲೀಟರಿಗೆ ಒಂದೇ ದರ. ಡೇರಿಯಲ್ಲಾದರೆ ಫ್ಯಾಟ್ ನೋಡಿ ದುಡ್ಡು. ಹೋಟೆಲಿಗೆ ಬೆಳಗಿನ ಹಾಲು ಕೊಡಬೇಕೋ ಸಂಜೆಯದೋ ಎಂಬುದು ಅಪ್ಪನ ತಲೆನೋವು. ಡೇರಿಯಿಂದ ಅಪ್ಪನ ಮೊಬೈಲಿಗೆ ಬಂದಿದ್ದ ಆರು ತಿಂಗಳ ಎಸ್‌ಎಂಎಸ್‌ಗಳನ್ನು ಒಂದು ಫೈಲಿಗೆ ಹಾಕಿದೆ. ಪ್ರತಿ ಸಾಲಿನಲ್ಲೂ ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಮೊತ್ತ. ದಿನದಿನದ ದರ ಕೂಡಿಸಿ ಸರಾಸರಿ ತೆಗೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಎಲ್ಲ ದಿನವೂ ಹಾಲು ಒಂದೇ ಅಳತೆ ಇರುವುದಿಲ್ಲ. ಒಟ್ಟು ರೂಪಾಯಿಯನ್ನು ಒಟ್ಟು ಲೀಟರಿನಿಂದಲೇ ಭಾಗಿಸಬೇಕು. ಆಕ್‌ನ ಅರೇಗೆ ಸಂಖ್ಯೆಯೇ ಬೇಕೆಂದಿಲ್ಲ, 'ಬೆಳಿಗ್ಗೆ', 'ಸಂಜೆ' ಎಂಬ ಪದಗಳೇ ಇಂಡೆಕ್ಸ್ ಆಗುತ್ತವೆ. ಹೊತ್ತಿನ ಹೆಸರಲ್ಲಿ ಲೀಟರ್ ಒಂದು ಕಡೆ, ರೂಪಾಯಿ ಇನ್ನೊಂದು ಕಡೆ ಕೂಡಿಸುತ್ತಾ ಹೋಗು, ಕೊನೆಯಲ್ಲಿ ಭಾಗಿಸಿ ತೋರಿಸು ಎಂದು ಬರೆದೆ. ಎಂಟರ್ ಒತ್ತಿದ ಕ್ಷಣದಲ್ಲೇ ಉತ್ತರ: ಸಂಜೆ ಹಾಲಿಗೇ ಡೇರಿಯಲ್ಲಿ ಹೆಚ್ಚು ಬೆಲೆ.

'ಸಂಜೆ ಹಾಲು ಗಟ್ಟಿ ಅಂತ ನಿಮ್ಮಜ್ಜಿಗೂ ಗೊತ್ತಿತ್ತು ಕಣೋ. ಲೀಟರಿಗೆ ಎಷ್ಟು ವ್ಯತ್ಯಾಸ ಅಂತ ಹೇಳಿದೆಯಲ್ಲ, ಅದು ಬೇಕಿತ್ತು' ಎಂದರು ಅಪ್ಪ. ಈಗ ಹೋಟೆಲಿಗೆ ಬೆಳಗಿನ ಹಾಲು ಹೋಗುತ್ತಿದೆ.

ಕನ್ನಡದ ಫೈಲುಗಳಿಗೂ ಇದು ಒಗ್ಗುತ್ತದೆ. ಮೂಲ ಆಕ್ ಮೊದಲು ಬೈಟ್‌ಗಳನ್ನು ಎಣಿಸುತ್ತಿದ್ದುದರಿಂದ 'ಕನ್ನಡ' ಪದದ ಉದ್ದ 15 ಎನ್ನುತ್ತಿತ್ತು. 2022ರಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ, ಕರ್ನಿಗನ್ ಅವರೇ ಕೂತು ಯೂನಿಕೋಡ್ ಬೆಂಬಲ ಸೇರಿಸಿದರು. ಈಗ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಆದರೆ ಒತ್ತಕ್ಷರದ ನಡುವಿನ ಅರ್ಧಾಕ್ಷರ ಚಿಹ್ನೆಯನ್ನೂ ಅದು ಬೇರೆಯಾಗಿ ಎಣಿಸುತ್ತದೆ.

ಪೈಥಾನ್ ಬಿಡಿ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಪ್ರಾಜೆಕ್ಟಿಗೆ ಅದೇ ಸರಿ. ಆದರೆ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಅರ್ಜಿ ಹಾಕುವವರು ಲಾಗ್ ಫೈಲ್ ಜಾಲಾಡಲೇಬೇಕು, ಅಲ್ಲಿ ಆಕ್ ಚುರುಕು. ಲಿನಕ್ಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ ಹಾಕಿಕೊಂಡರಾಯಿತು. ಪ್ರಾಕ್ಟೀಸಿಗೆ ನಿಮ್ಮದೇ ಮಾರ್ಕ್ಸ್ ಪಟ್ಟಿಯೋ ಮೆಸ್ ಬಿಲ್ಲೋ ಸಾಕು.