ಅಪರಿಚಿತ ಮೀನುಗಳ ಗುರುತಿಸುವಿಕೆ: ಮತ್ಸ್ಯ ವ್ಯಾಪಾರಿಗಳು ಗಮನಿಸಬೇಕಾದ ಸಂಗತಿಗಳು

ಮಂಗಳೂರು ಅಥವಾ ಮಲ್ಪೆಯ ಮೀನುಗಾರಿಕಾ ಧಕ್ಕೆಯಲ್ಲಿ ಮುಂಜಾನೆಯ ಹರಾಜಿನ ಹೊತ್ತಿಗೆ ನಿಂತು ನೋಡಿದವರಿಗೆ ಒಂದು ಸಂಗತಿ ಮನವರಿಕೆಯಾಗುತ್ತದೆ. ಅಂಜಲ್, ಮಾಂಜಿ, ಬಂಗುಡೆ, ಬೂತಾಯಿ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಖರೀದಿದಾರನ ಮನಸ್ಸಿನಲ್ಲಿ ದರವೂ ಮೂಡಿರುತ್ತದೆ. ಯಾರೂ ಹೆಸರಿಸಲಾಗದ ಮೀನೊಂದು ಬುಟ್ಟಿಯಲ್ಲಿ ಬಂದರೆ ಮಾತ್ರ ಕೂಗು ನಿಲ್ಲುತ್ತದೆ. ಅದು ಎಷ್ಟೇ ಮಾಂಸಲವಾಗಿದ್ದರೂ ಸಾಮಾನ್ಯವಾಗಿ ಸೇರುವುದು ಮೀನುಹಿಟ್ಟಿನ ಕಾರ್ಖಾನೆಗೆ ಹೊರಡುವ ರಾಶಿಯನ್ನು.

ಇದಕ್ಕೆ ನಮ್ಮ ಕರಾವಳಿಯವರೆಲ್ಲರೂ ಬಲ್ಲ ಉದಾಹರಣೆ ‘ಕಾರ್ಗಿಲ್ ಮೀನು’. ಟ್ರಾಲ್ ಬಲೆಗಳಲ್ಲಿ ಈ ಕಪ್ಪು-ನೀಲಿ ಮೀನು ರಾಶಿರಾಶಿಯಾಗಿ ಬರತೊಡಗಿದಾಗ ಅದಕ್ಕೆ ಇಲ್ಲಿ ಹೆಸರೇ ಇರಲಿಲ್ಲ. 1999ರ ಯುದ್ಧದ ಹೆಸರೇ ಅದಕ್ಕೆ ಅಂಟಿಕೊಂಡಿತು. ವಿಜ್ಞಾನಿಗಳಿಗೆ ಮಾತ್ರ ಅದು ಹೊಸದಾಗಿರಲಿಲ್ಲ. ರುಪೆಲ್ ಎಂಬ ಜರ್ಮನ್ ಪ್ರಕೃತಿ ವಿಜ್ಞಾನಿ 1836ರಲ್ಲಿಯೇ ಅದನ್ನು ವರ್ಣಿಸಿದ್ದರು. ಅದರ ಶಾಸ್ತ್ರೀಯ ಹೆಸರು ಓಡೋನಸ್ ನೈಗರ್. ಬೆನ್ನಿನ ಮೊದಲ ಮುಳ್ಳು ನೆಟ್ಟಗೆ ನಿಂತಾಗ ಎರಡನೆಯ ಮುಳ್ಳು ಅದಕ್ಕೆ ಅಗುಳಿಯಂತೆ ಒತ್ತಿಕೊಳ್ಳುತ್ತದೆ. ಎರಡನೆಯದನ್ನು ಒತ್ತಿದರೆ ಮಾತ್ರ ಮೊದಲನೆಯದು ಬಾಗುತ್ತದೆ. ಬಂದೂಕಿನ ಕುದುರೆಯನ್ನು ಹೋಲುವ ಈ ರಚನೆಯಿಂದಲೇ ‘ಟ್ರಿಗರ್ ಮೀನು’ ಎಂಬ ಹೆಸರು ಬಂದಿದೆ. ಕೆಂಪು ಹಲ್ಲುಗಳು ಹಾಗೂ ಮೇಲೆ ಕೆಳಗೆ ನೀಳವಾಗಿ ಚಾಚಿದ ಅರ್ಧಚಂದ್ರಾಕಾರದ ಬಾಲ ಇದರ ಮುಖ್ಯ ಲಕ್ಷಣಗಳು. ಇಷ್ಟನ್ನು ಬಲ್ಲವನು ನೋಡಿದ ಮರುಕ್ಷಣವೇ ಹೆಸರು ಹೇಳಬಲ್ಲ. ಬಲ್ಲವನು ಧಕ್ಕೆಯಲ್ಲಿ ಇರುವುದಿಲ್ಲ ಎಂಬುದೇ ತೊಡಕು.

ಸ್ಥಳೀಯ ಹೆಸರಿನಿಂದ ಸ್ಥಳೀಯ ವ್ಯಾಪಾರ ಸಾಗೀತು. ಹೊರದೇಶದ ಖರೀದಿದಾರನಿಗೆ ಅದು ಸಾಲದು. ಐರೋಪ್ಯ ಒಕ್ಕೂಟವು 2010ರ ಜನವರಿಯಿಂದ ಸಮುದ್ರದಲ್ಲಿ ಹಿಡಿದ ಮೀನಿಗೆ ಪ್ರಭೇದವನ್ನು ನಮೂದಿಸಿದ ಹಿಡುವಳಿ ಪ್ರಮಾಣಪತ್ರವನ್ನು ಕೇಳುತ್ತಿದೆ. 2014ರ ಡಿಸೆಂಬರ್‌ನಿಂದ ಅಲ್ಲಿನ ಚಿಲ್ಲರೆ ಮಾರಾಟದಲ್ಲಿ ವಾಣಿಜ್ಯ ಹೆಸರಿನ ಜೊತೆಗೆ ಶಾಸ್ತ್ರೀಯ ಹೆಸರೂ ಕಡ್ಡಾಯವಾಗಿದೆ. ಅಮೆರಿಕವು ಕೆಲವು ಆಯ್ದ ಗುಂಪುಗಳ ಆಮದಿಗೆ 2018ರಿಂದ ಇಂತಹುದೇ ವಿವರಗಳನ್ನು ಬಯಸುತ್ತಿದೆ. ‘ಕಾರ್ಗಿಲ್’ ಎಂದು ಬರೆದ ಪೆಟ್ಟಿಗೆ ಈ ಯಾವ ಬಂದರನ್ನೂ ದಾಟಲಾರದು.

ತಪ್ಪು ಹೆಸರಿನ ಪರಿಣಾಮ ಸರಕು ತಡೆಹಿಡಿಯುವಲ್ಲಿಗೇ ನಿಲ್ಲುವುದಿಲ್ಲ. 2007ರಲ್ಲಿ ಚೀನಾದಿಂದ ‘ಮಾಂಕ್ ಮೀನು’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂದ ಹೆಪ್ಪುಗಟ್ಟಿದ ಮೀನನ್ನು ತಿಂದು ಶಿಕಾಗೋ ಪ್ರದೇಶದಲ್ಲಿ ಇಬ್ಬರು ಅಸ್ವಸ್ಥರಾದರು. ಪರೀಕ್ಷಿಸಿದಾಗ ಅದರಲ್ಲಿ ಪಫರ್ ಮೀನಿನ ಮಾರಕ ವಿಷವಾದ ಟೆಟ್ರೋಡೋಟಾಕ್ಸಿನ್ ಪತ್ತೆಯಾಯಿತು. ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಐರೋಪ್ಯ ಒಕ್ಕೂಟವಂತೂ ಪಫರ್ ಕುಟುಂಬದ ಮೀನುಗಳ ಮಾರಾಟವನ್ನೇ ನಿಷೇಧಿಸಿದೆ. ನಮ್ಮ ಟ್ರಿಗರ್ ಮೀನು ಬೇರೆ ಕುಟುಂಬದ್ದಾದರೂ ಪಫರ್ ಮೀನಿನ ಗಣಕ್ಕೇ ಸೇರಿದುದಾಗಿದೆ. ಚರ್ಮ ಸುಲಿದು ಮುಳ್ಳು ತೆಗೆದ ಬಿಳಿಯ ತುಂಡನ್ನು ಮಾತ್ರ ಕಾಣುವ ಖರೀದಿದಾರನು ಅನುಮಾನಪಟ್ಟರೆ ಅದನ್ನು ಅತಿರೇಕ ಎನ್ನಲಾಗದು.

ನಮ್ಮ ದೇಶದ ಕಾನೂನನ್ನೂ ಮರೆಯುವಂತಿಲ್ಲ. ವೇಲ್ ಶಾರ್ಕ್, ಗರಗಸ ಮೀನು ಮೊದಲಾದವು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿದವು. 2022ರ ತಿದ್ದುಪಡಿಯಿಂದ ರಕ್ಷಿತ ಶಾರ್ಕ್ ಹಾಗೂ ತೊರಕೆಗಳ ಪಟ್ಟಿ ಇನ್ನಷ್ಟು ಬೆಳೆದಿದೆ. ತೊರಕೆಗಳಲ್ಲಿ ಯಾವುದು ಮಾರಾಟಯೋಗ್ಯ, ಯಾವುದು ಮುಟ್ಟಬಾರದ್ದು ಎಂಬುದನ್ನು ಬರಿಗಣ್ಣಿನಿಂದ ನಿರ್ಧರಿಸುವುದು ಅನುಭವಿಗಳಿಗೂ ಕಷ್ಟ. ‘ಹೆಸರು ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿಯನ್ನು ನೆಚ್ಚಿ ವ್ಯಾಪಾರ ಮಾಡುವುದು ಜಾಣತನವಲ್ಲ.

ಹಾಗಾದರೆ ಹೆಸರನ್ನು ಎಲ್ಲಿ ಕೇಳಬೇಕು? ಹಿಂದೆ ಇದಕ್ಕೆ ಫ್ರಾನ್ಸಿಸ್ ಡೇ 1870ರ ದಶಕದಲ್ಲಿ ಪ್ರಕಟಿಸಿದ ಬೃಹತ್ ಗ್ರಂಥವನ್ನೋ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಪಶ್ಚಿಮ ಹಿಂದೂ ಮಹಾಸಾಗರಕ್ಕಾಗಿ 1984ರಲ್ಲಿ ಹೊರತಂದ ಗುರುತಿನ ಹಾಳೆಗಳನ್ನೋ ತಿರುವಿ ಹಾಕಬೇಕಿತ್ತು. ಅವು ಇಂದಿಗೂ ಉಪಯುಕ್ತವೇ. ಆದರೆ 1996ರಿಂದ ಅಂತರ್ಜಾಲದಲ್ಲಿ ಲಭ್ಯವಿರುವ ಫಿಶ್‌ಬೇಸ್ ಕೋಶದಲ್ಲಿ ಈಗ 35,000ಕ್ಕೂ ಹೆಚ್ಚು ಪ್ರಭೇದಗಳ ವಿವರಗಳಿವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2008ರಲ್ಲಿ ಆರಂಭಿಸಿದ ಐನ್ಯಾಚುರಲಿಸ್ಟ್‌ನಲ್ಲಿ ಯಾರು ಬೇಕಾದರೂ ಛಾಯಾಚಿತ್ರವನ್ನಿಟ್ಟು ಹೆಸರು ಕೇಳಬಹುದು. ಉತ್ತರಿಸುವವರಲ್ಲಿ ವಸ್ತುಸಂಗ್ರಹಾಲಯಗಳ ಮತ್ಸ್ಯತಜ್ಞರಿದ್ದಾರೆ, ಮುಳುಗುಗಾರರಿದ್ದಾರೆ, ಗಾಳ ಹಾಕುವ ಹವ್ಯಾಸಿಗಳೂ ಇದ್ದಾರೆ. ಒಂದೇ ಕುಟುಂಬದ ಮೀನುಗಳಿಗಾಗಿ ಬಿಡುವಿನ ವೇಳೆಯನ್ನೆಲ್ಲ ಮುಡಿಪಾಗಿಟ್ಟವರೂ ಅಲ್ಲಿ ಸಿಗುತ್ತಾರೆ. ಇಂತಹ ಸಲಹೆಗೆ ಶುಲ್ಕವಿಲ್ಲ ಎಂಬುದು ಸಣ್ಣ ಉದ್ದಿಮೆದಾರರಿಗೆ ಅನುಕೂಲವೇ ಸರಿ.

ಉತ್ತರದ ಗುಣಮಟ್ಟ ನಿರ್ಧಾರವಾಗುವುದು ಚಿತ್ರದಲ್ಲಿ. ನಮ್ಮಲ್ಲಿ ರೂಢಿಯಲ್ಲಿರುವುದು ಐಸಿನ ರಾಶಿಯ ಮೇಲೆ ಹತ್ತು ಮೀನುಗಳನ್ನು ಒಟ್ಟಿ ತೆಗೆದ ಮಸುಕು ಚಿತ್ರ. ಅದರಿಂದ ಯಾವ ಪಂಡಿತನೂ ಹೆಸರು ಹೇಳಲಾರ. ಮೀನು ಸತ್ತ ಬಳಿಕ ಬಣ್ಣ ಬೇಗನೆ ಮಾಸುವುದರಿಂದ, ಸಾಧ್ಯವಾದರೆ ದೋಣಿಯಲ್ಲಿಯೇ ಮೊದಲ ಚಿತ್ರವನ್ನು ತೆಗೆಸಬೇಕು. ಒಂದೇ ಮೀನನ್ನು ತಲೆ ಎಡಕ್ಕೆ ಬರುವಂತೆ ಮಲಗಿಸಿ, ಈಜುರೆಕ್ಕೆಗಳನ್ನು ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಡಬೇಕು. ಬಾಯಿ, ಹಲ್ಲು, ಕಿವಿರಿನ ಮುಚ್ಚಳ ಇವುಗಳ ಹತ್ತಿರದ ಚಿತ್ರಗಳು ಬೇರೆಯಾಗಿಯೇ ಇರಬೇಕು. ತೊರಕೆಯಾದರೆ ಹೊಟ್ಟೆಯ ಭಾಗವನ್ನೂ ತೋರಿಸಬೇಕು. ಬೆನ್ನಿನ ಈಜುರೆಕ್ಕೆಯ ಗಡುಸು ಮುಳ್ಳುಗಳೆಷ್ಟು, ಮೃದುವಾದ ಕಡ್ಡಿಗಳೆಷ್ಟು ಎಂದು ಎಣಿಸಿ ಬರೆದರೆ ತಜ್ಞನ ಅರ್ಧ ಕೆಲಸ ಮುಗಿಯುತ್ತದೆ.

ಸಣ್ಣ ಲಕ್ಷಣವೊಂದು ಎಷ್ಟು ದೊಡ್ಡ ವ್ಯತ್ಯಾಸ ಮಾಡಬಲ್ಲದೆಂಬುದಕ್ಕೆ ಕೆಂಪು ಸ್ನ್ಯಾಪರ್ ಮೀನುಗಳನ್ನು ನೋಡಬಹುದು. ಇವುಗಳಲ್ಲಿ ಹಲವು ಪ್ರಭೇದಗಳಿದ್ದು ಬಹುತೇಕ ಒಂದೇ ರೀತಿ ಕಾಣುತ್ತವೆ. ಲುಟ್ಜಾನಸ್ ಬೊಹಾರ್ ಎಂಬ ಪ್ರಭೇದದಲ್ಲಿ ಮಾತ್ರ ಮೂಗಿನ ಹೊಳ್ಳೆಯಿಂದ ಕಣ್ಣಿನವರೆಗೆ ಆಳವಾದ ಗೀರು ಇರುತ್ತದೆ. ಹವಳದ ದಿಬ್ಬಗಳ ಬಳಿ ಬೇಟೆಯಾಡುವ ಈ ಮೀನು ಸಿಗುವಾಟೆರಾ ಎಂಬ ವಿಷಬಾಧೆಗೆ ಹಲವು ದೇಶಗಳಲ್ಲಿ ಹೆಸರಾಗಿದೆ. ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ಆ ವಿಷ ನಾಶವಾಗುವುದಿಲ್ಲ. ಒಂದು ಗೀರನ್ನು ಗಮನಿಸದೆ ಹೋದರೆ ಪೆಟ್ಟಿಗೆಯೊಳಗೆ ಏನು ಹೋದೀತೆಂಬುದನ್ನು ಓದುಗರೇ ಊಹಿಸಬಹುದು.

ಚಿತ್ರದೊಂದಿಗೆ ಸ್ಥಳ ಮತ್ತು ದಿನಾಂಕವನ್ನು ಕೊಡಬೇಕು. ಇಲ್ಲಿ ವ್ಯಾಪಾರಿಗಳಿಗೆ ಒಂದು ಕಿವಿಮಾತು: ಮೀನು ಸಿಕ್ಕ ನಿಖರ ಜಾಗವನ್ನು ಜಗತ್ತಿಗೆಲ್ಲ ಸಾರಬೇಕಾಗಿಲ್ಲ. ಜಾಗವನ್ನು ಸ್ಥೂಲವಾಗಿ ಮಾತ್ರ ತೋರಿಸುವ ಅವಕಾಶ ಅಲ್ಲಿದೆ. ತಾಂಡೇಲರು ತಮ್ಮ ಮೀನುಗಾರಿಕೆಯ ಜಾಗವನ್ನು ಅಣ್ಣತಮ್ಮಂದಿರಿಗೂ ಹೇಳದಿರುವುದನ್ನು ನಾವು ಬಲ್ಲೆವಷ್ಟೆ.

ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದರಲ್ಲಿಯೇ ಹೆಚ್ಚಿನ ಎಚ್ಚರ ಅಗತ್ಯ. ಅಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಿದರೆ ಆ ಹೆಸರಿಗೆ ಮೇಲಿನ ದರ್ಜೆ ದೊರೆಯುತ್ತದೆ; ಇಬ್ಬರೇ ಉತ್ತರಿಸಿ ಇಬ್ಬರೂ ಒಪ್ಪಿದ್ದರೂ ಸಾಕು. ಎರಡನೆಯವನು ಮೊದಲನೆಯವನ ಮಾತಿಗೆ ಸುಮ್ಮನೆ ತಲೆಯಾಡಿಸಿರಲೂಬಹುದು. ಗಣಕವು ತಾನಾಗಿ ಸೂಚಿಸುವ ಹೆಸರೂ ಹೆಚ್ಚು ಚಿತ್ರಗಳಿರುವ ಪ್ರಭೇದದ ಕಡೆಗೆ ವಾಲುವುದುಂಟು. ಆದ್ದರಿಂದ ‘ಏಕೆ ಈ ಹೆಸರು? ಹೋಲುವ ಇನ್ನೊಂದು ಏಕಲ್ಲ?’ ಎಂದು ಕೇಳಿ ಕಾರಣ ಪಡೆಯಬೇಕು. ಕಾರಣ ಹೇಳುವವನ ಒಂದು ಮಾತು ಹತ್ತು ಒಪ್ಪಿಗೆಗಳಿಗಿಂತ ಮೇಲು. ಇಷ್ಟಾದರೂ ಅದು ದಾರಿ ತೋರಿಸುವ ಸುಳಿವೇ ಹೊರತು ರಫ್ತಿನ ಕಾಗದಪತ್ರದಲ್ಲಿ ನಮೂದಿಸಲು ಆಧಾರವಲ್ಲ.

ಆಧಾರ ಬೇಕಾದಾಗ ನಮ್ಮಲ್ಲಿಯೇ ಸಂಸ್ಥೆಗಳಿವೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದುದೂ ಇದೇ ಊರಿನಲ್ಲಿ. ತಲೆ, ಚರ್ಮ, ಈಜುರೆಕ್ಕೆ ಯಾವುದೂ ಇಲ್ಲದ ತುಂಡುಗಳಿಗೆ ಡಿಎನ್‌ಎ ಪರೀಕ್ಷೆಯೇ ಗತಿ. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ‘ಬಾರ್‌ಕೋಡ್’ ವಿಧಾನದಲ್ಲಿ ಜೀವಕೋಶದ ಒಂದು ನಿರ್ದಿಷ್ಟ ಜೀನಿನ ಸುಮಾರು 650 ಅಕ್ಷರಗಳನ್ನು ಓದಿ ಪ್ರಭೇದವನ್ನು ಗುರುತಿಸಲಾಗುತ್ತದೆ.

ಇದೆಲ್ಲಕ್ಕೂ ಮಾದರಿ ಕೈಯಲ್ಲಿರಬೇಕು. ಚಿತ್ರ ತೆಗೆದ ಮೀನನ್ನೇ ಹರಾಜಿಗಿಟ್ಟು, ವಾರದ ಬಳಿಕ ತಜ್ಞರು ಕಿವಿರನ್ನು ನೋಡಬೇಕೆಂದಾಗ ಪರಿತಪಿಸುವುದು ಬೇಡ. ಹೊಸ ಮೀನು ಬಂದ ದಿನ ಒಂದೆರಡನ್ನು ಇಡಿಯಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದೋಣಿಯ ಹೆಸರು, ದಿನಾಂಕ ಹಾಗೂ ಚಿತ್ರದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದಿಗೆ ಶೀತಲಗೃಹದ ಮೂಲೆಯಲ್ಲಿಡಬೇಕು. ಶಾಯಿಯ ಬರಹ ನೀರಿಗೆ ಅಳಿಸಿಹೋಗುತ್ತದೆ.